ಗಾಲಿಕುರ್ಚಿಯಲ್ಲಿ ಕೂತು ಗುರಿ ಹಿಡಿಯುವವರು ಮೊದಲು ನೋಡಬೇಕಾದದ್ದು ಆಸನವನ್ನು

ಪ್ರಶ್ನೆ: ನನಗೆ 27 ವರ್ಷ. ನಾಲ್ಕು ವರ್ಷಗಳ ಹಿಂದೆ ರಸ್ತೆ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಯಿತು. ವರದಿಯಲ್ಲಿ ಟಿ8 ಎಂದು ಬರೆದಿದ್ದಾರೆ. ಗಾಲಿಕುರ್ಚಿ ಬಳಸುತ್ತೇನೆ. ಕೈಗಳಲ್ಲಿ ಪೂರ್ತಿ ಶಕ್ತಿ ಇದೆ, ಆದರೆ ಆಸರೆಯಿಲ್ಲದೆ ಕೂತರೆ ಮೈ ವಾಲುತ್ತದೆ. ಕಾಲುಗಳಲ್ಲಿ ಸ್ನಾಯು ಸೆಳೆತ ಬರುತ್ತದೆ. ಅದಕ್ಕೆ ಬ್ಯಾಕ್ಲೋಫೆನ್, ಮೈಗ್ರೇನ್ ತಲೆನೋವಿಗೆ ಪ್ರೊಪ್ರನೊಲಾಲ್ ತೆಗೆದುಕೊಳ್ಳುತ್ತಿದ್ದೇನೆ. ಕಳೆದ ವರ್ಷ ಕೂರುವ ಮೂಳೆಯ ಮೇಲೆ ಒತ್ತುಹುಣ್ಣಾಗಿ ವಾಸಿಯಾಗಿದೆ. ಶೂಟಿಂಗ್ ಕಲಿತು ಸ್ಪರ್ಧಿಸಬೇಕೆಂಬ ಆಸೆ ಇದೆ. ಸೆಳೆತ ಇರುವವರಿಗೆ ಇದು ಆಗದ ಮಾತು ಎಂದು ಒಬ್ಬರು ಹೇಳಿದರೆ, ಕೂತು ಹೊಡೆಯುವುದು ಬಲು ಸುಲಭ ಎಂದು ಇನ್ನೊಬ್ಬರು ಹೇಳುತ್ತಾರೆ. ಸ್ಟ್ಯಾಂಡ್ ಮೇಲೆ ರೈಫಲ್ ಇಡಬಹುದಾದ ಎಸ್‌ಎಚ್‌2 ವರ್ಗಕ್ಕೆ ಅರ್ಜಿ ಹಾಕಿದರೆ ಗೆಲ್ಲುವುದು ಸುಲಭ ಎಂಬ ಸಲಹೆಯೂ ಬಂದಿದೆ. ಅಣ್ಣ ಈಗಲೇ ಒಂದು ರೈಫಲ್ ಕೊಡಿಸುತ್ತೇನೆ ಎನ್ನುತ್ತಿದ್ದಾನೆ. ಅಮ್ಮನಿಗೆ ಬಂದೂಕು ಎಂದರೇ ಭಯ. ಎಲ್ಲಿಂದ ಆರಂಭಿಸಲಿ?

ಉತ್ತರ: ನೀವು ಕೇಳಿರುವುದು ಹಲವು ಪ್ರಶ್ನೆಗಳಾದರೂ ಅವುಗಳ ಹಿಂದಿರುವ ಆತಂಕ ಒಂದೇ ಎಂದು ನನಗೆ ಅನಿಸುತ್ತದೆ. ವಾಲುವ ಮೈ, ಹೇಳದೆ ಕೇಳದೆ ಸೆಳೆಯುವ ಕಾಲು, ಇವೆರಡನ್ನೂ ಇಟ್ಟುಕೊಂಡು ಕದಲದೆ ಗುರಿ ಹಿಡಿಯಬೇಕಾದ ಆಟಕ್ಕೆ ಹೋಗಬಹುದೇ? ಹೋಗಬಹುದು. ಅವನಿ ಲೇಖರಾ ಬಾಲ್ಯದಲ್ಲೇ ಕಾರು ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡವರು. ಟೋಕಿಯೊ ಮತ್ತು ಪ್ಯಾರಿಸ್ ಪ್ಯಾರಾಲಿಂಪಿಕ್ಸ್ ಎರಡರಲ್ಲೂ ಅವರು 10 ಮೀಟರ್ ಏರ್ ರೈಫಲ್‌ನಲ್ಲಿ ಚಿನ್ನ ಗೆದ್ದರು. 2024ರ ಪ್ಯಾರಿಸ್ ಫೈನಲ್‌ನಲ್ಲಿ ಅವರ ಅಂಕ 249.7. ಆ ಫೈನಲ್‌ನಲ್ಲಿ ಹೊಡೆಯುವುದು 24 ಗುಂಡು. ಅಂದರೆ ಒಂದೊಂದು ಗುಂಡಿಗೆ ಸರಾಸರಿ 10.4 ಅಂಕ, ಗರಿಷ್ಠ ಇರುವುದೇ 10.9. ಗಾಲಿಕುರ್ಚಿಯಲ್ಲಿ ಕೂತ ದೇಹ ಎಷ್ಟು ನಿಶ್ಚಲವಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ.

ಆದರೆ ಸುಲಭ ಎಂದವರ ಮಾತನ್ನು ನಾನು ಒಪ್ಪುವುದಿಲ್ಲ. ಕೂತವರ ಭಾರಕೇಂದ್ರ ಕೆಳಗಿರುತ್ತದೆ, ಕಾಲು ನೋಯುವುದಿಲ್ಲ ಎಂಬುದು ಅವರ ವಾದ. ಅದರಲ್ಲಿ ಸ್ವಲ್ಪ ಸತ್ಯವಿದೆ. ಅವರು ಮರೆಯುವುದು ಸೊಂಟವನ್ನು. ನಿಂತು ಹೊಡೆಯುವವರು ರೈಫಲ್‌ನ ಭಾರವನ್ನು ಎಡ ಮೊಣಕೈಯಿಂದ ಸೊಂಟದ ಮೂಳೆಗೆ, ಅಲ್ಲಿಂದ ಕಾಲಿಗೆ, ಕಾಲಿನಿಂದ ನೆಲಕ್ಕೆ ಇಳಿಸುತ್ತಾರೆ. ಅಲ್ಲಿ ಸ್ನಾಯುವಿನ ಕೆಲಸ ಕಡಿಮೆ, ಮೂಳೆಯ ಕೆಲಸ ಹೆಚ್ಚು. ಟಿ8, ಅಂದರೆ ಎದೆಭಾಗದ ಎಂಟನೆಯ ಬೆನ್ನೆಲುಬಿನ ಮಟ್ಟದಲ್ಲಿ ಪೆಟ್ಟಾದವರಿಗೆ ಹೊಟ್ಟೆಯ ಮೇಲ್ಭಾಗದ ಸ್ನಾಯುಗಳು ಸ್ವಲ್ಪ ಮಟ್ಟಿಗೆ ಕೆಲಸ ಮಾಡಬಹುದು. ಕೆಳಹೊಟ್ಟೆ ಮತ್ತು ಸೊಂಟದ ಸ್ನಾಯುಗಳು ಸಾಮಾನ್ಯವಾಗಿ ನೆರವಿಗೆ ಬರುವುದಿಲ್ಲ. ನಾಲ್ಕೈದು ಕಿಲೋ ತೂಗುವ ರೈಫಲ್ ಎತ್ತಿದ ಕೂಡಲೇ ಮೈ ಮುಂದಕ್ಕೂ ಪಕ್ಕಕ್ಕೂ ಜಾರಲು ನೋಡುತ್ತದೆ. ಅದನ್ನು ಹಿಡಿದು ನಿಲ್ಲಿಸುವ ಕೆಲಸ ಭುಜ ಮತ್ತು ಕತ್ತಿನ ಪಾಲಿಗೆ ಬರುತ್ತದೆ. ಹತ್ತು ಗುಂಡಿನ ಹೊತ್ತಿಗೆ ಅವು ದಣಿದು ನಡುಗಲಾರಂಭಿಸುತ್ತವೆ. ಹೊಸಬರು ಆಗ ‘ನನ್ನ ಕೈ ನಡುಗುತ್ತದೆ’ ಎನ್ನುತ್ತಾರೆ. ನಡುಕ ಕಾಣುವುದು ಕೈಯಲ್ಲಿ, ಹುಟ್ಟುವುದು ಆಸನದಲ್ಲಿ. ಬುಡ ಅಲುಗುವ ಏಣಿಯ ಮೇಲೆ ನಿಂತವನ ಕೈಗೆ ಎಷ್ಟು ವ್ಯಾಯಾಮ ಮಾಡಿಸಿದರೂ ಅವನು ಗೋಡೆಗೆ ನೇರ ಗೆರೆ ಎಳೆಯಲಾರ.

ಇದು ಎಷ್ಟು ಸೂಕ್ಷ್ಮ ಎಂದು ತಿಳಿಯಲು ಗುರಿಯ ಅಳತೆ ನೋಡಿ. 10 ಮೀಟರ್ ಏರ್ ರೈಫಲ್ ಗುರಿಯ ನಡುವಿನ ಹತ್ತು ಅಂಕದ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್. ಅದರ ಸುತ್ತಲಿನ ಒಂದೊಂದು ವಲಯಕ್ಕೂ ಎರಡೂವರೆ ಮಿಲಿಮೀಟರ್ ಅಂತರ. ಭುಜದ ಬಳಿ ಊರಿಕೊಂಡ ರೈಫಲ್‌ನ ತುದಿ ಒಂದೇ ಒಂದು ಮಿಲಿಮೀಟರ್ ಓಲಿದರೆ ಗುರಿಯಲ್ಲಿ ಗುಂಡು ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಪಕ್ಕಕ್ಕೆ ಹೋಗುತ್ತದೆ. ನಾಲ್ಕು ವಲಯ ಕೈಬಿಟ್ಟಂತೆ. ಹಾಗಾಗಿ ತರಬೇತಿಗೆ ಬರುವವರ ಬಂದೂಕನ್ನು ನಾನು ಕೊನೆಗೆ ನೋಡುತ್ತೇನೆ. ಮೊದಲು ನೋಡುವುದು ಕುರ್ಚಿಯ ಟೈರಿನ ಗಾಳಿ, ಬ್ರೇಕಿನ ಬಿಗಿ, ಬೆನ್ನೊರಗಿನ ಎತ್ತರ, ಕಾಲು ಊರುವ ಪಟ್ಟಿ. ಮುಂದಿನ ಸಣ್ಣ ಚಕ್ರಗಳೂ ಮುಖ್ಯ. ಕುರ್ಚಿಯನ್ನು ಗುರಿಯ ರೇಖೆಗೆ ತಂದು ನಿಲ್ಲಿಸುವಾಗ ಕೊನೆಯಲ್ಲಿ ಒಂದಿಷ್ಟು ಹಿಂದಕ್ಕೆ ಉರುಳಿಸಿ ನೋಡಿ. ಆ ಪುಟ್ಟ ಚಕ್ರಗಳು ತಿರುಗಿ ಮುಂದಕ್ಕೆ ಚಾಚಿಕೊಳ್ಳುತ್ತವೆ, ಕುರ್ಚಿಯ ತಳ ಉದ್ದವಾಗುತ್ತದೆ, ಮುಂದಕ್ಕೆ ವಾಲುವುದು ಕಡಿಮೆಯಾಗುತ್ತದೆ. ಖರ್ಚಿಲ್ಲದ ಈ ಬದಲಾವಣೆಯಿಂದ ರೈಫಲ್ ತುದಿಯ ಓಲಾಟ ಕಣ್ಣಿಗೆ ಕಾಣುವಷ್ಟು ತಗ್ಗಿದ್ದನ್ನು ನೋಡಿದ್ದೇನೆ.

ನಿಮ್ಮ ವಿಷಯದಲ್ಲಿ ಎಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ಕೂರುವ ದಿಂಬಿನ ಬಗ್ಗೆ. ಒತ್ತುಹುಣ್ಣು ಆದವರಿಗೆ ಸಾಮಾನ್ಯವಾಗಿ ಗಾಳಿ ತುಂಬಿದ ದಿಂಬು ಕೊಡುತ್ತಾರೆ. ಅದು ಚರ್ಮವನ್ನು ಕಾಪಾಡುತ್ತದೆ, ಆದರೆ ಅದರ ಮೇಲೆ ಕೂತ ಸೊಂಟ ತೇಲುತ್ತದೆ. ಗುರಿಕಾರರಿಗೆ ಬೇಕಾದದ್ದು ಇದಕ್ಕೆ ವಿರುದ್ಧ, ಗಟ್ಟಿಯಾದ ತಳ. ‘ದಿಂಬು ತೆಗೆದು ಹಲಗೆಯ ಮೇಲೆ ಕೂರು’ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಸ್ಪರ್ಶಜ್ಞಾನವಿಲ್ಲದ ಜಾಗದಲ್ಲಿ ಮತ್ತೆ ಹುಣ್ಣಾದರೆ ತಿಂಗಳುಗಟ್ಟಲೆ ಮಲಗಬೇಕಾಗುತ್ತದೆ. ವಾಸಿಯಾದ ಹುಣ್ಣಿನ ಕಲೆಯ ಚರ್ಮ ಎಂದೂ ಮೊದಲಿನಷ್ಟು ಗಟ್ಟಿಯಾಗುವುದಿಲ್ಲ. ನಡುದಾರಿಗಳಿವೆ. ಸೊಂಟದ ಆಕಾರಕ್ಕೆ ಕೊರೆದ ದಟ್ಟ ಫೋಮ್‌ನ ತಳಕ್ಕೆ ಕೂರುವ ಮೂಳೆಯ ಕೆಳಗೆ ಮಾತ್ರ ಜೆಲ್ ಇಟ್ಟ ದಿಂಬುಗಳು ಸಿಗುತ್ತವೆ. ಗಾಳಿ ದಿಂಬಿನಲ್ಲೇ ಬೇರೆ ಬೇರೆ ಕೋಣೆಗಳಿರುವ ಬಗೆಯೂ ಇದೆ. ನಿಮ್ಮ ಪುನರ್ವಸತಿ ವೈದ್ಯರೊಂದಿಗೆ ಕೂತು ಆಯ್ಕೆ ಮಾಡಿ. ಹೊಸ ದಿಂಬಿನಲ್ಲಿ ಮೊದಲ ದಿನ ಇಪ್ಪತ್ತು ನಿಮಿಷ ಮಾತ್ರ ಕೂತು, ಎದ್ದ ಕೂಡಲೇ ಕನ್ನಡಿಯಲ್ಲಿ ಚರ್ಮ ನೋಡಿಕೊಳ್ಳಿ. ಅರ್ಧ ಗಂಟೆಯೊಳಗೆ ಮಾಯವಾಗದ ಕೆಂಪು ಕಂಡರೆ ಆ ದಿಂಬು ನಿಮಗಲ್ಲ.

ಸ್ಪರ್ಧೆಯ ಸಮಯವನ್ನೂ ಇದಕ್ಕೆ ಸೇರಿಸಿ ನೋಡಬೇಕು. ಮೇಜಿನ ಆಸರೆಯಿಲ್ಲದೆ ಹೊಡೆಯುವ ಏರ್ ರೈಫಲ್ ಸ್ಪರ್ಧೆಯಲ್ಲಿ 60 ಗುಂಡಿಗೆ 75 ನಿಮಿಷ, ಅದಕ್ಕೂ ಮೊದಲು ಸಿದ್ಧತೆ ಮತ್ತು ಗುರಿ ಹೊಂದಿಸಲು ಕಾಲು ಗಂಟೆ. ಒಂದೂವರೆ ಗಂಟೆ ಒಂದೇ ಭಂಗಿಯಲ್ಲಿ ಕೂರುವುದು ನಿಮ್ಮ ಚರ್ಮಕ್ಕೆ ಅಪಾಯ. ಆದ್ದರಿಂದ ಒತ್ತಡ ಇಳಿಸುವ ವಿರಾಮವನ್ನು ಅಭ್ಯಾಸದ ಮೊದಲ ದಿನದಿಂದಲೇ ಆಟದ ಭಾಗವಾಗಿ ಕಲಿಯಿರಿ. ಸುಮಾರು ಹದಿನೈದು ನಿಮಿಷಕ್ಕೊಮ್ಮೆ ರೈಫಲ್ ಕೆಳಗಿಟ್ಟು ಮುಂದಕ್ಕೆ ಬಾಗಿ ಎದೆಯನ್ನು ತೊಡೆಯ ಹತ್ತಿರ ತನ್ನಿ, ಒಂದೆರಡು ನಿಮಿಷ ಹಾಗೇ ಇರಿ, ಮತ್ತೆ ಅದೇ ಭಂಗಿಗೆ ಮರಳಿ. ಅದೇ ಭಂಗಿಗೆ ಮರಳುವುದೇ ಇಲ್ಲಿನ ಕೌಶಲ. ಕಣ್ಣು ಮುಚ್ಚಿ ರೈಫಲ್ ಎತ್ತಿ, ಉಸಿರು ಬಿಟ್ಟು, ಕಣ್ಣು ತೆರೆಯಿರಿ. ತುದಿ ಗುರಿಯ ಮೇಲೇ ಇದ್ದರೆ ಭಂಗಿ ಸರಿಯಾಗಿದೆ. ಪಕ್ಕದಲ್ಲಿದ್ದರೆ ಕೈಯಿಂದ ಎಳೆದು ಸರಿಪಡಿಸದೆ ಕುರ್ಚಿಯನ್ನೇ ತುಸು ತಿರುಗಿಸಿ. ಕೈಯಿಂದ ಎಳೆದದ್ದು ಟ್ರಿಗರ್ ಒತ್ತುವ ಕ್ಷಣದಲ್ಲಿ ತನ್ನ ಜಾಗಕ್ಕೆ ವಾಪಸಾಗುತ್ತದೆ.

ಸೆಳೆತದ ಬಗ್ಗೆ ಹೆದರಬೇಡಿ, ಆದರೆ ಅದನ್ನು ಓದಲು ಕಲಿಯಿರಿ. ಸೆಳೆತಕ್ಕೆ ಬಹಳ ಸಲ ಕಾರಣವಿರುತ್ತದೆ: ತುಂಬಿದ ಮೂತ್ರಕೋಶ, ಬಿಗಿಯಾದ ಪಟ್ಟಿ, ಚಳಿ, ಕಾಲುಗುರು ಒಳಕ್ಕೆ ಬೆಳೆದಿರುವುದು, ಆರಂಭವಾಗುತ್ತಿರುವ ಒತ್ತುಹುಣ್ಣು. ಇದ್ದಕ್ಕಿದ್ದಂತೆ ಸೆಳೆತ ಹೆಚ್ಚಾದರೆ ದೇಹ ಏನನ್ನೋ ಹೇಳುತ್ತಿದೆ ಎಂದು ತಿಳಿದು ಅಭ್ಯಾಸ ನಿಲ್ಲಿಸಿ ಹುಡುಕಿ. ಸ್ಪರ್ಧೆಯಲ್ಲಿ ಸೆಳೆತ ಬಂದರೆ ಆ ಗುಂಡನ್ನು ಹೊಡೆಯಲೇಬೇಕೆಂಬ ಬಲವಂತವಿಲ್ಲ. ರೈಫಲ್ ಇಳಿಸಿ, ಕಾಲು ಸಡಿಲವಾಗಲು ಬಿಟ್ಟು, ಮತ್ತೆ ಎತ್ತಬಹುದು. 60 ಗುಂಡಿಗೆ 75 ನಿಮಿಷ ಎಂದರೆ ಅಷ್ಟು ಬಿಡುವು ಇದ್ದೇ ಇರುತ್ತದೆ. ಬ್ಯಾಕ್ಲೋಫೆನ್ ಕ್ರೀಡೆಯಲ್ಲಿ ನಿಷೇಧಿಸಿದ ಔಷಧಗಳ ಪಟ್ಟಿಯಲ್ಲಿಲ್ಲ. ಆದರೆ ಅದು ಮಂಪರು ತರುತ್ತದೆ, ಪ್ರಮಾಣ ಹೆಚ್ಚಾದರೆ ಮೈಯ ಬಿಗಿಯನ್ನೂ ಕಡಿಮೆ ಮಾಡುತ್ತದೆ. ಕೆಲವರಿಗೆ ಕೂರಲು ನೆರವಾಗುವುದು ಆ ಬಿಗಿಯೇ. ಮಾತ್ರೆಯ ಹೊತ್ತನ್ನು ಅಭ್ಯಾಸದ ಹೊತ್ತಿಗೆ ಹೊಂದಿಸುವ ಬಗ್ಗೆ ವೈದ್ಯರನ್ನು ಕೇಳಿ. ಥಟ್ಟನೆ ನಿಲ್ಲಿಸುವುದು ಅಪಾಯ.

ಈಗ ನೀವು ಕೇಳದೇ ಇದ್ದ, ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಸಂಗತಿಗೆ ಬರುತ್ತೇನೆ. ಪ್ರೊಪ್ರನೊಲಾಲ್ ಬೀಟಾ ಬ್ಲಾಕರ್ ಗುಂಪಿನ ಔಷಧ. ಹೃದಯದ ಬಡಿತವನ್ನು ನಿಧಾನಗೊಳಿಸಿ ಕೈ ನಡುಕ ತಗ್ಗಿಸುವುದರಿಂದ ಶೂಟಿಂಗ್‌ನಲ್ಲಿ ಇದು ನಿಷೇಧಿತ, ಸ್ಪರ್ಧೆಯ ದಿನ ಮಾತ್ರವಲ್ಲ, ಸ್ಪರ್ಧೆಯಿಲ್ಲದ ದಿನಗಳಲ್ಲೂ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಉತ್ತರ ಕೊರಿಯಾದ ಪಿಸ್ತೂಲ್ ಶೂಟರ್ ಒಬ್ಬರು ಎರಡು ಪದಕಗಳನ್ನು ಕಳೆದುಕೊಂಡದ್ದು ಇದೇ ಔಷಧದಿಂದ. ವೈದ್ಯಕೀಯ ಕಾರಣಕ್ಕೆ ವಿನಾಯಿತಿ ಕೇಳುವ ದಾರಿ ಇದೆ. ಆದರೆ ಔಷಧವೇ ಗುರಿಗೆ ಅನುಕೂಲ ಮಾಡಿಕೊಡುವುದರಿಂದ ಈ ಆಟದಲ್ಲಿ ಅದು ಸಿಗುವುದು ಬಹಳ ಕಷ್ಟ. ಹಾಗೆಂದು ನಾಳೆಯೇ ಮಾತ್ರೆ ಬಿಡಬೇಡಿ. ಬೀಟಾ ಬ್ಲಾಕರನ್ನು ಏಕಾಏಕಿ ನಿಲ್ಲಿಸಿದರೆ ಹೃದಯಕ್ಕೆ ತೊಂದರೆಯಾಗಬಹುದು. ಮೈಗ್ರೇನ್ ತಡೆಯಲು ಬೇರೆ ಗುಂಪಿನ ಔಷಧಗಳಿವೆ. ‘ನಾನು ಶೂಟಿಂಗ್ ಸ್ಪರ್ಧೆಗೆ ಹೋಗಬೇಕೆಂದಿದ್ದೇನೆ, ಬದಲಿಸಲು ಸಾಧ್ಯವೇ’ ಎಂದು ನರರೋಗ ತಜ್ಞರನ್ನು ಈಗಲೇ ಕೇಳಿ. ಬದಲಿ ಔಷಧ ನಿಮಗೆ ಒಗ್ಗದೇ ಹೋದರೆ ಹವ್ಯಾಸಕ್ಕಾಗಿ ಶೂಟಿಂಗ್ ಮಾಡಲು ಏನೂ ಅಡ್ಡಿಯಿಲ್ಲ, ಅಧಿಕೃತ ಸ್ಪರ್ಧೆ ಮಾತ್ರ ಕಷ್ಟ. ಪದಕಕ್ಕಾಗಿ ತಲೆನೋವಿನಲ್ಲಿ ನರಳುವ ಬದುಕನ್ನು ನಾನು ಯಾರಿಗೂ ಸೂಚಿಸಲಾರೆ.

ವರ್ಗದ ಬಗ್ಗೆ ಬಂದಿರುವ ಸಲಹೆ ತಪ್ಪು ಮಾತ್ರವಲ್ಲ, ನಿಮ್ಮನ್ನು ತೊಂದರೆಗೆ ಸಿಕ್ಕಿಸುವಂಥದ್ದು. ವರ್ಗವನ್ನು ಕ್ರೀಡಾಪಟು ಆರಿಸಿಕೊಳ್ಳುವುದಿಲ್ಲ. ಬಂದೂಕಿನ ಭಾರವನ್ನು ತನ್ನ ಕೈಗಳಿಂದಲೇ ಹೊರಬಲ್ಲವರದು ಎಸ್‌ಎಚ್‌1. ತೋಳಿನ ದೌರ್ಬಲ್ಯದಿಂದ ಅದು ಆಗದೆ ಸ್ಟ್ಯಾಂಡ್ ಬೇಕಾದವರದು ಎಸ್‌ಎಚ್‌2. ಆ ಸ್ಟ್ಯಾಂಡಿನಲ್ಲಿ ಇರುವುದು ಸ್ಪ್ರಿಂಗ್. ಅದು ಭಾರ ಹೊರುತ್ತದೆಯೇ ಹೊರತು ಓಲಾಟವನ್ನು ಕಟ್ಟಿಹಾಕುವುದಿಲ್ಲ. ನಿಮ್ಮ ತೋಳುಗಳಲ್ಲಿ ಪೂರ್ತಿ ಶಕ್ತಿ ಇರುವುದರಿಂದ ನೀವು ಎಸ್‌ಎಚ್‌1ಕ್ಕೆ ಸೇರುವ ಸಾಧ್ಯತೆಯೇ ಹೆಚ್ಚು. ಅದರೊಳಗೆ ಮೈಯ ಸಮತೋಲನ ಎಷ್ಟಿದೆ ಎಂಬುದರ ಮೇಲೆ ಎ, ಬಿ, ಸಿ ಎಂಬ ಉಪವರ್ಗಗಳಿವೆ. ಬೆನ್ನೊರಗು ಇರಬಹುದೇ, ಇದ್ದರೆ ಎಷ್ಟು ಎತ್ತರ ಎಂಬುದು ಅದರಿಂದ ತೀರ್ಮಾನವಾಗುತ್ತದೆ. ಪರೀಕ್ಷಕರು ವೈದ್ಯಕೀಯ ದಾಖಲೆ ನೋಡಿ, ಸ್ನಾಯುಬಲ ಅಳೆದು, ನೀವು ಕೂರುವ ಮತ್ತು ಹೊಡೆಯುವ ರೀತಿಯನ್ನು ಗಮನಿಸುತ್ತಾರೆ. ಇಲ್ಲದ ದೌರ್ಬಲ್ಯವನ್ನು ನಟಿಸುವುದು ನಿಷೇಧಿತ ಔಷಧ ಸೇವನೆಯಷ್ಟೇ ಗಂಭೀರ ಅಪರಾಧ, ನಿಷೇಧಕ್ಕೆ ದಾರಿ. ಇರುವ ದೌರ್ಬಲ್ಯವನ್ನು ಸಂಕೋಚದಿಂದ ಮುಚ್ಚಿಡುವವರೂ ಇದ್ದಾರೆ. ಅದರಿಂದ ಅವರಿಗೆ ನ್ಯಾಯವಾಗಿ ಸಿಗಬೇಕಾದ ಬೆನ್ನಾಸರೆ ಸಿಗದೆ ಹೋಗುತ್ತದೆ. ದೈನಂದಿನ ಬದುಕಿನಲ್ಲಿ ‘ಎಲ್ಲ ಸರಿಯಿದೆ’ ಎಂದು ತೋರಿಸಿಕೊಳ್ಳುವ ಅಭ್ಯಾಸ ನಮಗೆ ಬಂದುಬಿಟ್ಟಿರುತ್ತದೆ. ಪರೀಕ್ಷಕರ ಮುಂದೆ ಅದನ್ನು ಬದಿಗಿಡಿ.

ಇದನ್ನು ಓದುವ ಬೇರೆಯವರಿಗಾಗಿ ಒಂದು ಮಾತು. ದೃಷ್ಟಿ ಇಲ್ಲದವರೂ ರೈಫಲ್ ಹೊಡೆಯುತ್ತಾರೆ. ತುದಿ ಗುರಿಯ ನಡುವಿಗೆ ಹತ್ತಿರವಾದಂತೆ ಕಿವಿಯಲ್ಲಿನ ಧ್ವನಿ ಬದಲಾಗುತ್ತದೆ, ಅದನ್ನು ಕೇಳಿ ಗುರಿ ಹಿಡಿಯುತ್ತಾರೆ. ಆ ವರ್ಗ ಪ್ಯಾರಾಲಿಂಪಿಕ್ಸ್‌ನಲ್ಲಿ ಇಲ್ಲದಿದ್ದರೂ ಬೇರೆ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿದೆ. ಕಿವಿ ಕೇಳದವರಿಗೆ ಡೆಫ್ಲಿಂಪಿಕ್ಸ್ ಇದೆ. ಹಂಗೇರಿಯ ಕಾರೋಯ್ ಟಕಾಚ್ 1938ರಲ್ಲಿ ಗ್ರೆನೇಡ್ ಸಿಡಿದು ಬಲಗೈಗೆ ತೀವ್ರ ಗಾಯವಾದ ಮೇಲೆ ಎಡಗೈಯಲ್ಲಿ ಕಲಿತು, 1948 ಮತ್ತು 1952ರ ಒಲಿಂಪಿಕ್ಸ್ ಎರಡರಲ್ಲೂ ಪಿಸ್ತೂಲ್ ಚಿನ್ನ ಗೆದ್ದರು. ಶೂಟಿಂಗ್ ಪ್ಯಾರಾಲಿಂಪಿಕ್ಸ್‌ಗೆ ಬಂದದ್ದು 1976ರಲ್ಲಿ, ಅವರ ಗೆಲುವಿನ ಎಷ್ಟೋ ವರ್ಷಗಳ ನಂತರ.

ನಿಮ್ಮ ಮುಂದಿರುವ ದಾರಿಗಳು ಮೂರು. ಪಿಸ್ತೂಲ್ ಹಗುರ, ಸುಮಾರು ಒಂದು ಕಿಲೋ. ಆದರೆ ಚಾಚಿದ ಒಂದೇ ತೋಳಿನ ತುದಿಯಲ್ಲಿ ಅದನ್ನು ಹಿಡಿಯಬೇಕು. ಮೈಯ ಸಮತೋಲನ ಕಡಿಮೆ ಇರುವವರನ್ನು ಅದು ಪಕ್ಕಕ್ಕೆ ಎಳೆಯುತ್ತದೆ. ಎರಡನೆಯದು ‘ಸ್ಟ್ಯಾಂಡಿಂಗ್’ ಏರ್ ರೈಫಲ್. ಹೆಸರು ಹಾಗಿದ್ದರೂ ನೀವು ಹೊಡೆಯುವುದು ಕೂತೇ, ಮೊಣಕೈಗೆ ಮೇಜಿನ ಆಸರೆ ಮಾತ್ರ ಇರುವುದಿಲ್ಲ. ಮೂರನೆಯದು ‘ಪ್ರೋನ್’, ಎರಡೂ ಮೊಣಕೈಗಳನ್ನು ಮೇಜಿನ ಮೇಲೆ ಊರಿ ಹೊಡೆಯುವ ಬಗೆ. ನೀವು ಮೂರನೆಯದರಿಂದ ಆರಂಭಿಸಬೇಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಭುಜಕ್ಕೆ ಭಾರ ಕಡಿಮೆ, ಉಸಿರು ಮತ್ತು ಟ್ರಿಗರ್ ಕಲಿಯಲು ಮನಸ್ಸು ಬಿಡುವಾಗಿರುತ್ತದೆ. ಅದರಲ್ಲೂ ಅಪಾಯಗಳಿವೆ: ಮೈಯ ಪೂರ್ತಿ ಭಾರವನ್ನು ಮೇಜಿಗೆ ಒರಗಿಸುವ ಚಟ ಹತ್ತಬಹುದು, ಮೇಜಿನ ಅಂಚು ಸ್ಪರ್ಶವಿಲ್ಲದ ಹೊಟ್ಟೆಯನ್ನು ಒತ್ತಬಹುದು, ಮೊಣಕೈಯ ನರ ಜೋಮು ಹಿಡಿಯಬಹುದು. ಸ್ಪರ್ಧೆಯ ಮಟ್ಟವೂ ಏರಿದೆ. 60 ಗುಂಡಿಗೆ 630 ಅಂಕ ದಾಟದೆ ದೊಡ್ಡ ಕೂಟಗಳಲ್ಲಿ ಫೈನಲ್ ಕನಸು ಕಾಣುವುದು ಕಷ್ಟ. ಪ್ರೋನ್ ಭಂಗಿ ಹದಕ್ಕೆ ಬಂದ ಮೇಲೆ ಮೇಜಿನಿಂದ ಮೊಣಕೈ ಎತ್ತುವುದನ್ನು ದಿನಕ್ಕೆ ಕೆಲವೇ ಗುಂಡುಗಳಿಂದ ಶುರು ಮಾಡಬಹುದು.

ಭುಜಗಳ ಬಗ್ಗೆ ನಾನು ಸ್ವಲ್ಪ ಜಿಪುಣ. ಕುರ್ಚಿ ತಳ್ಳಲು, ಹಾಸಿಗೆಯಿಂದ ಕುರ್ಚಿಗೆ ಬರಲು, ಎಲ್ಲಕ್ಕೂ ನಿಮಗೆ ಇರುವುದು ಅವೆರಡೇ. ಅವು ಕೆಟ್ಟರೆ ಕೆಡುವುದು ಆಟ ಮಾತ್ರವಲ್ಲ, ನಿಮ್ಮ ಸ್ವಾತಂತ್ರ್ಯ. ಆರಂಭದಲ್ಲಿ ನಲವತ್ತು ನಿಮಿಷಕ್ಕಿಂತ ಹೆಚ್ಚು ಅಭ್ಯಾಸ ಬೇಡ, ಎರಡು ದಿನಗಳ ಅಭ್ಯಾಸದ ನಡುವೆ ಒಂದು ದಿನ ಬಿಡುವಿರಲಿ. ಹೆಗಲೆಲುಬುಗಳನ್ನು ಹಿಂದಕ್ಕೆ ಸೇರಿಸುವ ರಬ್ಬರ್ ಪಟ್ಟಿಯ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಬಳಿ ಕಲಿತುಕೊಳ್ಳಿ. ರಾತ್ರಿ ಆ ಭುಜದ ಮೇಲೆ ಮಲಗಲು ನೋವಾದರೆ ಅಭ್ಯಾಸ ಅತಿಯಾಯಿತು ಎಂದೇ ಅರ್ಥ.

ನಿಮ್ಮ ತಾಯಿಯವರನ್ನು ಮೊದಲ ದಿನ ರೇಂಜಿಗೆ ಕರೆದುಕೊಂಡು ಹೋಗಿ. ನಳಿಕೆ ಸದಾ ಗುರಿಯ ಕಡೆಗೇ ಇರುತ್ತದೆ. ಹೊಡೆಯುವ ತೀರ್ಮಾನವಾಗುವ ತನಕ ಬೆರಳು ಟ್ರಿಗರ್ ಮೇಲೆ ಹೋಗುವುದಿಲ್ಲ. ಗುಂಡಿಲ್ಲ ಎಂದು ತೋರಿಸಲು ನಳಿಕೆಯಲ್ಲಿ ಬಣ್ಣದ ದಾರ ಇಳಿಬಿಟ್ಟಿರುತ್ತಾರೆ. ಗಾಲಿಕುರ್ಚಿಯವರಿಗೆ ಇನ್ನೂ ಒಂದು ಕಟ್ಟಳೆಯನ್ನು ನಾನು ಹಾಕುತ್ತೇನೆ: ಕುರ್ಚಿ ಚಲಿಸುವಾಗ ಬಂದೂಕು ಮಡಿಲಲ್ಲಿ ಇರಕೂಡದು. ಮೊದಲು ಕುರ್ಚಿ ನಿಲ್ಲಬೇಕು, ಬ್ರೇಕ್ ಬೀಳಬೇಕು, ಆಮೇಲೆ ಬಂದೂಕು ಮೇಜಿಗೆ ಬರಬೇಕು. ಏರ್ ರೈಫಲ್‌ನ ಗುಂಡುಗಳಾದ ಪೆಲೆಟ್‌ಗಳಲ್ಲಿ ಸೀಸ ಇರುವುದರಿಂದ ಅಭ್ಯಾಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಏನನ್ನೂ ತಿನ್ನಬಾರದು.

ಇನ್ನು ನಿಮ್ಮ ಅಣ್ಣನ ಮಾತು. ಅವರ ಪ್ರೀತಿಯನ್ನು ತಣ್ಣಗೆ ಮಾಡಬೇಡಿ, ಆದರೆ ರೈಫಲ್ ಕೊಳ್ಳುವುದನ್ನು ತಡೆಯಿರಿ. ಕೂರುವ ಎತ್ತರ, ಬೆನ್ನೊರಗು, ದಿಂಬು ಗೊತ್ತಾಗದೆ ರೈಫಲ್‌ನ ಭುಜಕ್ಕೆ ಊರುವ ಹಿಂಭಾಗದ ಉದ್ದವೂ ಕೆನ್ನೆ ಊರುವ ಎತ್ತರವೂ ಗೊತ್ತಾಗುವುದಿಲ್ಲ. ಗಟ್ಟಿ ಕ್ಯಾನ್ವಾಸಿನ ಶೂಟಿಂಗ್ ಜಾಕೆಟ್ ಕೂಡ ಈಗ ಬೇಡ. ಕೂತು ಹೊಡೆಯುವವರಿಗೆ ಅದನ್ನು ಗಿಡ್ಡವಾಗಿ ಹೊಲಿಸಬೇಕು, ಇಲ್ಲವಾದರೆ ಮಡಿಲಲ್ಲಿ ಮುದ್ದೆಯಾಗಿ ಮೈಯನ್ನು ಮೇಲಕ್ಕೆ ನೂಕುತ್ತದೆ. ಮೊದಲ ಕೆಲವು ತಿಂಗಳು ಕ್ಲಬ್ಬಿನ ರೈಫಲ್ ಸಾಕು. ಬಂದೂಕು ಇಟ್ಟುಕೊಳ್ಳುವ ಕಾನೂನು ಎಲ್ಲ ಕಡೆಯೂ ಒಂದೇ ಅಲ್ಲ, ಅದನ್ನೂ ಕ್ಲಬ್ಬಿನವರೇ ತಿಳಿಸಲಿ. ಅಷ್ಟರಲ್ಲಿ ಅಣ್ಣ ಮಾಡಬಹುದಾದ ಕೆಲಸವಿದೆ. ನೀವು ಕುರ್ಚಿಯಲ್ಲಿ ನೆಟ್ಟಗೆ ಕೂತು ಮೊಣಕೈ ಮಡಚಿದಾಗ ನೆಲದಿಂದ ಮೊಣಕೈಗೆ ಎಷ್ಟು ಎತ್ತರ ಎಂದು ಅಳೆಯಲಿ. ಎತ್ತರ ಹೆಚ್ಚುಕಡಿಮೆ ಮಾಡಬಹುದಾದ, ಅಲುಗದ ಮೇಜೊಂದನ್ನು ಮಾಡಿಸಲಿ. ಹೊಟ್ಟೆಗೆ ತಾಗುವ ಅಂಚನ್ನು ದುಂಡಗೆ ಉಜ್ಜಿ, ಅದಕ್ಕೆ ಮೆತ್ತನೆಯ ಪಟ್ಟಿ ಹಚ್ಚಲಿ. ಬಂದೂಕಿಲ್ಲದೆ ಆ ಮೇಜಿನ ಮುಂದೆ ದಿನಕ್ಕೆ ಇಪ್ಪತ್ತು ನಿಮಿಷ ಒಂದೇ ಭಂಗಿಯಲ್ಲಿ ಕೂತು, ಬಾಗಿ, ಮತ್ತೆ ಅದೇ ಭಂಗಿಗೆ ಬರುವುದನ್ನು ರೂಢಿಸಿಕೊಳ್ಳಿ. ಕ್ಲಬ್ಬಿಗೆ ಹೋಗುವ ದಿನ ಬೆನ್ನುಹುರಿಯ ಸ್ಕ್ಯಾನ್ ವರದಿ, ಈಗ ತೆಗೆದುಕೊಳ್ಳುತ್ತಿರುವ ಔಷಧಗಳ ಪಟ್ಟಿ ಮತ್ತು ನರರೋಗ ತಜ್ಞರ ಉತ್ತರ ನಿಮ್ಮ ಕೈಯಲ್ಲಿರಲಿ.